ಬೆಳಕು, ಕಣ್ಣು, ತಲೆನೋವು: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು, ಹುಬ್ಬಳ್ಳಿ: ಬೆಳಕನ್ನು ಸಹಿಸದ ಕಣ್ಣು, ಕಣ್ಣಿನ ದಣಿವು, ಬಿಡದ ತಲೆನೋವು ಇಂದಿನ ವಿಷಯ. ನಮ್ಮ ಬಳಗದ ನೇತ್ರವೈದ್ಯೆ ಉತ್ತರಿಸುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ.

ಧಾರವಾಡದ ಪರೀಕ್ಷಾರ್ಥಿ: ನಮಸ್ಕಾರ ಮೇಡಂ. ದಿನವಿಡೀ ವಾಚನಾಲಯದಲ್ಲಿ ಓದುತ್ತೇನೆ. ಸಂಜೆಯ ಹೊತ್ತಿಗೆ ಹುಬ್ಬಿನ ಮೇಲೆ ನೋವು, ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಲೇ?

ವೈದ್ಯೆ: ಅದಕ್ಕೆ ಹಣ ಹಾಕಬೇಡಿ. ಹತ್ತಿರದ್ದನ್ನು ಓದುವಾಗ ಎರಡೂ ಕಣ್ಣುಗಳು ಒಳಕ್ಕೆ ತಿರುಗಿ ಒಂದೇ ಅಕ್ಷರದ ಮೇಲೆ ನಿಲ್ಲಬೇಕು. ಆ ಶಕ್ತಿ ಕುಂದಿದರೆ ನೀವು ಹೇಳಿದ್ದೆಲ್ಲ ಆಗುತ್ತದೆ. ನಂಬರಿನ ಜೊತೆ ಕಣ್ಣುಗಳ ಹೊಂದಾಣಿಕೆಯನ್ನೂ ಪರೀಕ್ಷಿಸಲು ಕೇಳಿ. ಅನೇಕರಿಗೆ ವ್ಯಾಯಾಮದಿಂದಲೇ ಗುಣವಾಗುತ್ತದೆ. ಓದುವಾಗ 20 ನಿಮಿಷಕ್ಕೊಮ್ಮೆ ತಲೆ ಎತ್ತಿ ದೂರ ನೋಡಿ.

ಬ್ಯಾಡಗಿಯ ವರ್ತಕರು: ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಲಸ. ಕಣ್ಣು ಉರಿಯುತ್ತದೆಂದು ಮನೆಯೊಳಗೂ ಕಪ್ಪು ಕನ್ನಡಕ ತೆಗೆಯುವುದಿಲ್ಲ. ಈಗ ಸಣ್ಣ ಬಲ್ಬನ್ನೂ ನೋಡಲಾಗದು.

ವೈದ್ಯೆ: ಮನೆಯೊಳಗೆ ತೆಗೆಯಿರಿ. ಕಣ್ಣು ಕತ್ತಲೆಗೆ ಒಗ್ಗಿದಷ್ಟೂ ಸಾಧಾರಣ ಬೆಳಕೂ ಚುಚ್ಚುತ್ತದೆ. ಮಾರುಕಟ್ಟೆಯಲ್ಲಿ ಘಾಟು, ಧೂಳು ತಡೆಯುವ ಮುಚ್ಚಿದ ಕನ್ನಡಕ ಹಾಕಿ. ಉರಿ ನಿಲ್ಲದಿದ್ದರೆ ತೋರಿಸಿ.

ಮುಂಡರಗಿಯಿಂದ: ನಮ್ಮ ಅವ್ವನಿಗೆ 58 ವರ್ಷ. ಎರಡು ತಿಂಗಳಿಂದ ಸಂಜೆಯಾದರೆ ಬಲಗಣ್ಣಿನ ಮೇಲೆ ತಲೆನೋವು, ಬೆಳಕು ಬೇಡವೆಂದು ದೀಪ ಆರಿಸಿ ಮಲಗುತ್ತಾಳೆ. ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತದೆ ಎನ್ನುತ್ತಾಳೆ. ನಿನ್ನೆ ವಾಂತಿಯಾಯಿತು, ಕಣ್ಣು ಕೆಂಪಾಗಿತ್ತು. ಅರೆತಲೆನೋವೆಂದು ಹೋದ ವಾರ ಅಮಿಟ್ರಿಪ್ಟಿಲಿನ್ ಮಾತ್ರೆ ಕೊಟ್ಟಿದ್ದಾರೆ.

ಹಾವೇರಿಯ ಸದಸ್ಯರು: ನನಗೆ ಬಂದ ಸಂದೇಶ: ಬಿಳಿ ಈರುಳ್ಳಿ ರಸಕ್ಕೆ ಜೇನು ಬೆರೆಸಿ ರಾತ್ರಿ ಎರಡೂ ಕಣ್ಣಿಗೆ ಎರಡೆರಡು ಹನಿ. ಏಳು ದಿನದಲ್ಲಿ ತಲೆನೋವು, ಕನ್ನಡಕ ಎರಡೂ ಮಾಯ!

ವೈದ್ಯೆ: ಮುಂಡರಗಿಯವರೇ, ಉಳಿದದ್ದೆಲ್ಲ ಬಿಟ್ಟು ಇದನ್ನು ಓದಿ. ಇದು ಅರೆತಲೆನೋವು (ಮೈಗ್ರೇನ್) ಅಲ್ಲದಿರಬಹುದು. ಕಣ್ಣೊಳಗಿನ ನೀರು ಹೊರಹೋಗುವ ಕೋನ ಕೆಲವರಲ್ಲಿ ಕಿರಿದಾಗಿರುತ್ತದೆ. ಮಬ್ಬು ಬೆಳಕಿನಲ್ಲಿ ಪಾಪೆ ಹಿಗ್ಗಿದಾಗ ಆ ದಾರಿ ಮುಚ್ಚಿ ಒತ್ತಡ ಏರುತ್ತದೆ. ಬಣ್ಣದ ಬಳೆ, ವಾಂತಿ, ಕೆಂಪು ಕಣ್ಣು ಅದರ ಗುರುತುಗಳು. ಮೈಗ್ರೇನ್ ಇದ್ದವರಿಗೆ ಕತ್ತಲು ಆರಾಮ ಕೊಡುತ್ತದೆ. ಇವರಿಗೆ ಅದೇ ಕತ್ತಲು ಕೆಡುಕಾಗಬಹುದು. ಆ ಮಾತ್ರೆಯೂ ಪಾಪೆಯನ್ನು ಹಿಗ್ಗಿಸಬಲ್ಲದು. ಬರೆದುಕೊಟ್ಟ ವೈದ್ಯರಿಗೆ ಈಗಲೇ ಫೋನ್ ಮಾಡಿ ವಿಷಯ ತಿಳಿಸಿ. ನೋವಿಲ್ಲದ ಹೊತ್ತಿನಲ್ಲಿ ಒತ್ತಡ ಅಳೆದರೆ ಸರಿಯಾಗಿಯೇ ಬರಬಹುದು. ಆದ್ದರಿಂದ ಕೋನದ ಪರೀಕ್ಷೆ, ಗೊನಿಯೋಸ್ಕೋಪಿ, ಮಾಡಲೇಬೇಕೆಂದು ಹೇಳಿ. ಖಚಿತವಾದರೆ ಲೇಸರಿನಿಂದ ಪಾಪೆಯ ಸುತ್ತಲಿನ ಬಣ್ಣದ ಪೊರೆಯಲ್ಲಿ ಸಣ್ಣ ರಂಧ್ರ ಮಾಡಿ ದಾರಿ ಬಿಡಿಸುತ್ತಾರೆ. ತಡವಾದರೆ ಹೋದ ದೃಷ್ಟಿ ಮರಳುವುದಿಲ್ಲ. ಸಂಜೆಗೆ ಕಾಯಬೇಡಿ, ಗದಗದ ಜಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ.

ಹಾವೇರಿಯವರೇ, ಆ ಸಂದೇಶವನ್ನು ಅಳಿಸಿ. ಈರುಳ್ಳಿ ರಸ ಕರಿಗುಡ್ಡೆಯ ಮೇಲ್ಪದರವನ್ನು ಸುಡುತ್ತದೆ, ಅಡುಗೆಮನೆಯ ಜೇನಿನಿಂದ ಸೋಂಕು ತಗಲಬಹುದು. ಹೀಗೆ ಹುಣ್ಣಾದ ಕಣ್ಣುಗಳನ್ನು ನೋಡಿ ಸಾಕಾಗಿದೆ.

ಹಾವೇರಿಯ ಸದಸ್ಯರು: ನಮ್ಮ ಅಜ್ಜಿ ಹಾಕುತ್ತಿದ್ದರು, ಏನೂ ಆಗಲಿಲ್ಲ.

ಗದಗದ ಶಿಕ್ಷಕರು: ಅಜ್ಜಿ ಹಾಕಿದರೆಂದು ಬಳಗದವರ ಕಣ್ಣಿಗೆಲ್ಲ ಹಾಕಿಸುತ್ತೀರಾ? ಡಾಕ್ಟರ್ ಅವರು ಬಿಡುವಿನ ದಿನ ಕುಳಿತು ಬರೆಯುತ್ತಿದ್ದಾರೆ.

ಹಾವೇರಿಯ ಸದಸ್ಯರು: ನೀವು ಶಾಲೆಯಲ್ಲಿ ಪಾಠ ಹೇಳಿ, ಇಲ್ಲಿ ಬೇಡ.

ರಾಣೆಬೆನ್ನೂರಿನ ಸದಸ್ಯೆ: ಜಗಳ ಬಿಡಿ. ಮೇಡಂ, ನಾನು ಮೈಗ್ರೇನಿಗೆ ಬಹುತೇಕ ದಿನವೂ ನೋವಿನ ಮಾತ್ರೆ ನುಂಗುತ್ತೇನೆ. ಆದರೂ ತಲೆನೋವು ಹೆಚ್ಚುತ್ತಿದೆ.

ವೈದ್ಯೆ: ಮಾತ್ರೆಯೇ ಕಾರಣವಾಗಿರಬಹುದು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಹಲವು ಔಷಧ ಬೆರೆಸಿದ ಮಿಶ್ರ ಮಾತ್ರೆ ಅಥವಾ ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್ 10 ದಿನ, ಹೀಗೆ ಮೂರು ತಿಂಗಳು ಮೀರಿದರೆ ಅವೇ ತಲೆನೋವನ್ನು ಉಳಿಸುತ್ತವೆ. ನರರೋಗ ತಜ್ಞರನ್ನು ಕಾಣಿ.

ಹುಬ್ಬಳ್ಳಿಯ ಸದಸ್ಯ: ನೀಲಿ ಬೆಳಕಿನ ಕನ್ನಡಕ ಒಳ್ಳೆಯದೇ?

ವೈದ್ಯೆ: ಮೇಲೆ ಹೇಳಿದ್ದೇನೆ.

ಶಿಗ್ಗಾಂವಿಯಿಂದ: ಮಗಳಿಗೆ ಎಂಟು ವರ್ಷ, ಟಿವಿ ನೋಡುವಾಗ ಒಂದು ಕಣ್ಣು ಮುಚ್ಚುತ್ತಾಳೆ. ಏನು ಮಾಡಬೇಕು?

ಗದಗದ ಶಿಕ್ಷಕರು: ಹಾವೇರಿಯವರು ಸಂದೇಶ ಅಳಿಸಿಲ್ಲ, ನಿರ್ವಾಹಕರು ಗಮನಿಸಿ.

ಹಾವೇರಿಯ ಸದಸ್ಯರು: ಅಳಿಸುವುದಿಲ್ಲ. ಇದು ನಿಮ್ಮ ಒಬ್ಬರ ಬಳಗವಲ್ಲ.

ನಿರ್ವಾಹಕರು, ಹುಬ್ಬಳ್ಳಿ: ನಾನೇ ಅಳಿಸಿದ್ದೇನೆ. ಇನ್ನು ಇಬ್ಬರೂ ಸುಮ್ಮನಿರಿ.

ಬೆಟಗೇರಿಯ ನೇಕಾರರು: ನೀಲಿ ಕನ್ನಡಕದ ಬೆಲೆ ಎಷ್ಟು?

ವೈದ್ಯೆ: ಅದರ ಬಗ್ಗೆ ಇನ್ನು ಉತ್ತರಿಸುವುದಿಲ್ಲ. ಮುಂಡರಗಿಯವರೇ, ಹೊರಟಿರಾ? ಒಂದು ಸಾಲು ಬರೆಯಿರಿ.

ಮುಂಡರಗಿಯಿಂದ: ಬಸ್ಸಿನಲ್ಲಿದ್ದೇವೆ ಮೇಡಂ. ಮಾತ್ರೆಯ ಚೀಟಿ ಜೊತೆಗಿದೆ.