ಕಡಿಮೆ ದುಡ್ಡಿಗೆ ನೈಟ್ ವಿಷನ್: ಯಾವುದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನನಗೆ ರಾತ್ರಿ ಹೊತ್ತು ಗೂಬೆ ನೋಡುವ ಹುಚ್ಚು. ಟಾರ್ಚ್ ಹಾಕಿದರೆ ಅದು ಹಾರಿಹೋಗುತ್ತದೆ, ಹಾಕದಿದ್ದರೆ ನನಗೇ ಏನೂ ಕಾಣುವುದಿಲ್ಲ. ಕತ್ತಲಲ್ಲಿ ನೋಡುವ ಸಾಧನ, ಅಂದರೆ ಒಂದು ನೈಟ್ ವಿಷನ್ ತಗೊಳ್ಳೋಣ ಅಂತಿದ್ದೇನೆ. ಕೈಯಲ್ಲಿರುವ ದುಡ್ಡು ಮಾತ್ರ ಕಮ್ಮಿ.

ಥರ್ಮಲ್ ಬಗೆಯದು ಬಿಸಿಯನ್ನೇ ಹಿಡಿಯುತ್ತದೆ, ಕತ್ತಲೆ ಲೆಕ್ಕಕ್ಕೇ ಇಲ್ಲ, ಆದರೆ ನನ್ನ ಬಜೆಟ್‌ಗೆ ಅದು ದೂರದ ಮಾತು. ಇರುವ ಮಂದ ಬೆಳಕನ್ನೇ ಟ್ಯೂಬ್‌ನಲ್ಲಿ ಹೆಚ್ಚಿಸಿ ತೋರಿಸುವ ಹಳೆಯ ಜೆನ್ 1 (ಮೊದಲ ತಲೆಮಾರು) ಸಾಧನಗಳಲ್ಲಿ ಅಂಚಿನ ಚಿತ್ರ ಮಸುಕು. ಹಗಲಲ್ಲಿ ಅಪ್ಪಿತಪ್ಪಿ ಆನ್ ಮಾಡಿದರೆ ಟ್ಯೂಬ್ ಹಾಳಾಗಬಹುದು. ನನ್ನಂಥ ಮರೆಗುಳಿಗೆ ಬೇಡವೇ ಬೇಡ. ಉಳಿದದ್ದು ಡಿಜಿಟಲ್, ಅಂದರೆ ಕ್ಯಾಮೆರಾದ ಹಾಗೆ ಚಿತ್ರ ಹಿಡಿದು ಪುಟ್ಟ ಪರದೆಯಲ್ಲಿ ತೋರಿಸುವಂಥದ್ದು.

ಗೊಂದಲ ಶುರುವಾಗಿದ್ದೇ ಇಲ್ಲಿ. ಕಗ್ಗತ್ತಲಲ್ಲಿ ಡಿಜಿಟಲ್‌ಗೆ ಕಣ್ಣಿಗೆ ಕಾಣದ ಬೆಳಕು ಚೆಲ್ಲುವ ಇನ್‌ಫ್ರಾರೆಡ್ ದೀಪ ಬೇಕು. ಅದರ ಬೆಳಕಿನ ತರಂಗಾಂತರ 850 ನ್ಯಾನೋಮೀಟರ್ ಆದರೆ ಜಾಸ್ತಿ ದೂರ ಕಾಣುತ್ತದೆ, ಆದರೆ ದೀಪದಲ್ಲಿ ಮಂದ ಕೆಂಪು ಹೊಳಪಿರುತ್ತದೆ. 940 ಆದರೆ ಹೊಳಪು ಕಣ್ಣಿಗೆ ಬೀಳುವುದಿಲ್ಲ, ದೂರವೂ ಕಮ್ಮಿ. ಗೆಳೆಯನ ಡಿಜಿಟಲ್ ಮಾನೋಕ್ಯುಲರ್ (ಒಂದೇ ಕಣ್ಣಲ್ಲಿ ನೋಡುವ ದುರ್ಬೀನು) ತಂದು ಕಿಟಕಿ ಗಾಜಿನ ಹಿಂದೆ ನಿಂತು ನೋಡಿದೆ. ಬರೀ ಬೆಳ್ಳಗೆ! ದೀಪದ ಬೆಳಕು ಗಾಜಿಗೆ ಬಡಿದು ವಾಪಸ್ ಬರುತ್ತಿತ್ತು. ಕಿಟಕಿ ತೆಗೆದ ಮೇಲೆ ಹತ್ತಿರದ ಕೊಂಬೆಯ ಎಲೆಗಳನ್ನೂ ಎಣಿಸಬಹುದಿತ್ತು.

ಬಳಸಿದವರು ದಯವಿಟ್ಟು ಹೇಳಿ. 30-40 ಮೀಟರ್‌ಗೆ 940 ಸಾಕಾಗುತ್ತದಾ? ಡಿಜಿಟಲ್ ಜೂಮ್ ಅಂದರೆ ಸುಮ್ನೆ ಚಿತ್ರ ಹಿಗ್ಗಿಸುವುದು ಅಲ್ವಾ, ಅದನ್ನು ಬಿಟ್ಟು ಲೆನ್ಸ್ ಎಷ್ಟು ಅಗಲ ಅಂತ ನೋಡಿ ಕೊಂಡರೆ ಸರೀನಾ? ಬ್ಯಾಟರಿ ಬಿಚ್ಚಿ ಬದಲಾಯಿಸುವಂಥದ್ದೇ ಬೇಕು, ವಿಡಿಯೊ ರೆಕಾರ್ಡಿಂಗ್ ಇಲ್ಲದಿದ್ದರೂ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡವರಿದ್ದರೆ, ದುಡ್ಡು ಕೊಡುವ ಮೊದಲು ಏನೇನು ನೋಡಬೇಕು ಅಂತಲೂ ತಿಳಿಸಿ.