ಆಂಪ್‌ನ ವಾಯ್ಸಿಂಗ್‌ಗೆ ‘ಜವಾರಿ’ ಅಂದರೆ ನಡೆಯುತ್ತದಾ?

ಎಲ್ಲರಿಗೂ ನಮಸ್ಕಾರ. ಅರ್ಧ ಪುಟದ ಒಂದು ಚೀಟಿ ಬರೆಯಲು ಹೋಗಿ ನಾಲ್ಕು ದಿನದಿಂದ ಪದಕ್ಕೆ ಪರದಾಡುತ್ತಿದ್ದೇನೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಕ್ಕನ ಮಗ ಪಿಯುಸಿಗೆ ಅಂತ ಧಾರವಾಡಕ್ಕೆ ಬಂದು ಸಪ್ತಾಪುರದ ನಮ್ಮ ಮನೆಯಲ್ಲಿದ್ದಾನೆ. ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾನೆ. ಅವನ ಆಂಪ್, ಅಂದರೆ ಗಿಟಾರ್ ದನಿಯನ್ನು ಜೋರು ಮಾಡಿ ಕೇಳಿಸುವ ಆಂಪ್ಲಿಫೈಯರ್ ಡಬ್ಬಿ, ಬಾಸ್ ಕಂಪನಿಯ ಕಟಾನಾ ಮಿನಿ, 7 ವಾಟ್, ಒಳಗೆ 4 ಇಂಚಿನ ಸ್ಪೀಕರ್, ಒಂದೇ ಕೈಯಲ್ಲಿ ಎತ್ತಬಹುದು. ಅದರ ಮೇಲೆ ಬ್ರೌನ್, ಕ್ರಂಚ್, ಕ್ಲೀನ್ ಅಂತ ಮೂರು ಜಾಗಕ್ಕೆ ಸರಿಯುವ ಒಂದು ಸ್ವಿಚ್. ಜೊತೆಗೆ ಗೇನ್, ವಾಲ್ಯೂಮ್, ಬೇಸ್, ಮಿಡಲ್, ಟ್ರೆಬಲ್ ಗುಂಡಿಗಳು. ಮನೆಯವರು ಮಲಗಿದ ಮೇಲೆ ಬಾರಿಸುವಾಗ ಯಾವ ಗುಂಡಿ ಎಲ್ಲಿರಬೇಕು ಅಂತ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸೋಣ ಅಂತ ಕೂತೆ. ‘ವಾಯ್ಸಿಂಗ್’ ಅನ್ನೋ ಮೊದಲ ಪದಕ್ಕೇ ಗಾಡಿ ನಿಂತಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಅದೇ ತಂತಿ, ಅದೇ ಸ್ವರ, ಅಷ್ಟೇ ಜೋರು, ಆದರೂ ಆ ಸ್ವಿಚ್ ಸರಿಸಿದರೆ ಬೇರೆ ಯಾರೋ ಬಂದು ಬಾರಿಸಿದ ಹಾಗೆ ಕೇಳುತ್ತದೆ. ದನಿಯ ಯಾವ ಭಾಗ ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು, ಮೀಟು ಎಷ್ಟು ಬಲವಾದರೆ ದನಿ ಒಡೆಯಲು ಶುರುವಾಗಬೇಕು, ಇದನ್ನೆಲ್ಲ ಆಂಪ್ ಮಾಡಿದವರೇ ಒಂದು ಗಂಟಾಗಿ ಕಟ್ಟಿ ಇಟ್ಟಿರುತ್ತಾರೆ. ಆ ಗಂಟಿಗೇ ವಾಯ್ಸಿಂಗ್ ಅನ್ನೋದು. ‘ದನಿ’ ಅಂತ ಬರೆದರೆ ವಾಲ್ಯೂಮ್‌ಗೆ ಏನು ಬರೆಯಲಿ? ‘ನಾದಗುಣ’ ಪರೀಕ್ಷೆಯ ಪ್ರಶ್ನೆಪತ್ರಿಕೆಯಿಂದ ಎದ್ದು ಬಂದಂತಿದೆ. ‘ಕಂಠ’ ಒಂದು ಕ್ಷಣ ಹಿಡಿಸಿತು, ಆದರೆ ಡಬ್ಬಿಗೆ ಮೂರು ಕಂಠ ಅಂದರೆ ರಾವಣನ ಮರಿ ಇದ್ದಂಗೆ ಆಗುತ್ತದೆ, ಅಲ್ವಾ?

ಪದ ಸಿಕ್ಕಿದ್ದು ನಮ್ಮ ಅಪ್ಪನ ಬಾಯಲ್ಲಿ. ಅಪ್ಪನಿಗೆ ಗಿಟಾರ್ ಗಂಧ ಇಲ್ಲ, ಭಜನೆಗೆ ತಂಬೂರಿ ಹಿಡಿಯುವವರು. ಹುಡುಗ ಬ್ರೌನ್‌ಗೆ ಹಾಕಿ ಗೇನ್ ಪೂರ್ತಿ ತಿರುವಿ ಬಾರಿಸಿದಾಗ ಒಳಗಿನಿಂದ ಕೂಗಿದರು: “ತಮ್ಮಾ, ಆ ಡಬ್ಬಿ ಒಡದೈತೇನ ನೋಡೋ, ಸೌಂಡ್ ಹರಿದು ಹರಿದು ಬರಾಕತ್ತೈತಿ.” ಒಡೆದಿಲ್ಲ ಅಜ್ಜಾ, ಇದು ಹಿಂಗೇ ಇರೋದು ಅಂತ ಹೇಳಿ ಅವನು ಕ್ರಂಚ್‌ಗೆ ಬಂದ. ಗೇನ್ ಇಳಿಸಿದ, ಗಡಿಯಾರದಲ್ಲಿ 10 ಇರುವ ಕಡೆಗೆ ತಂದ. ಮೆಲ್ಲಗೆ ಮೀಟಿದರೆ ತಿಳಿ, ಸ್ವಲ್ಪ ಒತ್ತಿ ಮೀಟಿದರೆ ಅಂಚಿನಲ್ಲಿ ಝೇಂಕಾರ. ಅಪ್ಪ ಹೊಸ್ತಿಲಿಗೆ ಬಂದು ನಿಂತರು. “ಹಾಂ, ಈಗ ಜವಾರಿ ಬಂತ ನೋಡ.”

ಅಲ್ಲಿಂದ ನನ್ನ ತಲೆಯಲ್ಲಿ ಈ ಹುಳ. ತಂಬೂರಿಯ ಕುದುರೆಯ (ತಂತಿಗಳು ಹಾದುಹೋಗುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ಒಂದೆಳೆ ನೂಲು ಇರುತ್ತದಲ್ಲ, ಜೀವಾಳ ಅಂತಾರಲ್ಲ, ಅಪ್ಪ ಅದನ್ನು ಉಗುರಿನ ತುದಿಯಿಂದ ಸರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೂದಲೆಳೆಯಷ್ಟು ಸರಿಸುತ್ತಾರೆ, ಮೀಟುತ್ತಾರೆ, ಕಿವಿ ಕೊಡುತ್ತಾರೆ, ಮತ್ತೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದ ತಕ್ಷಣ ಮೊಂಡು ದನಿ ಬಿಚ್ಚಿಕೊಂಡು ಝುಂ ಅನ್ನುತ್ತದೆ. ಆ ಝೇಂಕಾರಕ್ಕೇ ಜವಾರಿ ಅನ್ನೋದು. ತಂತಿ ಕುದುರೆಯ ಇಳಿಜಾರಿಗೆ ಸವರಿ ಸವರಿ ಹೋಗುವುದರಿಂದ ಮೂಲ ಸ್ವರದ ಜೊತೆಗೇ ಸಣ್ಣಗೆ ಏಳುವ ಮೇಲಿನ ಉಪಸ್ವರಗಳೆಲ್ಲ ಎದ್ದು ಬರುತ್ತವೆ, ಗುಟ್ಟು ಅಷ್ಟೇ. ಸಿತಾರ್‌ನವರಲ್ಲಿ ಇದಕ್ಕೆ ಖುಲ್ಲಾ ಜವಾರಿ (ಬಿಚ್ಚಿದ್ದು, ಝೇಂಕಾರ ಹೆಚ್ಚು), ಬಂದ್ ಜವಾರಿ (ಮುಚ್ಚಿದ್ದು, ಝೇಂಕಾರ ಕಡಿಮೆ) ಅನ್ನುವ ಭೇದವೂ ಉಂಟು. ರಹಿಮತ್ ಖಾನರ ಸಿತಾರ್ ಮನೆತನ ಬಾಳಿದ ಊರು ಇದು. ಮಿರಜದ ತಂಬೂರಿಗಳು ಮನೆಮನೆಯಲ್ಲಿ ಮೂಲೆಗೆ ಒರಗಿರುವ ಊರು. ಇಲ್ಲಿ ಜವಾರಿ ಯಾರಿಗೂ ಹೊಸ ಪದ ಅಲ್ಲ.

ಆಂಪ್‌ನಲ್ಲಿ ಆಗುವುದು ಬೇರೆ ರೀತಿ, ಒಪ್ಪುತ್ತೇನೆ. ಅಲ್ಲಿ ದನಿಯ ಅಲೆಯ ತಲೆ ಮೇಲಿನ ಮಿತಿಗೆ ಬಡಿದು ಚಪ್ಪಟೆಯಾಗುತ್ತದೆ. ಆದರೆ ಫಲ ಅದೇ ಜಾತಿಯದು, ಉಪಸ್ವರ ಹೆಚ್ಚುತ್ತವೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಒಡೆದ ದನಿಯಲ್ಲಿ ಮೂರ್ನಾಲ್ಕು ಸ್ವರ ಒಟ್ಟಿಗೆ ಹಾಕಿದರೆ ಅವು ಒಂದಕ್ಕೊಂದು ಕೂಡಿ ಹೊಸ ಸ್ವರ ಹುಟ್ಟಿಸಿ ಕೆಸರು ಮಾಡುತ್ತವೆ. ಅದಕ್ಕೇ ರಾಕ್‌ನವರು ಬರೀ ಸಾ, ಪಾ ಎರಡನ್ನೇ ಒತ್ತಿ ಅದಕ್ಕೆ ಪವರ್ ಕಾರ್ಡ್ ಅನ್ನುತ್ತಾರೆ. ತಂಬೂರಿಯಲ್ಲೂ ಸಾಮಾನ್ಯವಾಗಿ ಇರೋದು ಅವೇ ಎರಡು! ಇದನ್ನು ಹೇಳಿದಾಗ ಅಪ್ಪನಿಗೆ ಹುಡುಗನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಈಗ ತೊಡಕು ಬರುವುದು ನಮ್ಮ ಇನ್ನೊಂದು ಜವಾರಿಯಿಂದ. ಜವಾರಿ ಕೋಳಿ, ಜವಾರಿ ಸೌತೆಕಾಯಿ, ಜವಾರಿ ಬೆಳ್ಳುಳ್ಳಿ, ಅಷ್ಟೇ ಏಕೆ ಜವಾರಿ ಮಂದಿ. ಹುಡುಗ ಗೆಳೆಯರಿಗೆ ‘ನನ್ನ ಆಂಪ್ ಜವಾರಿ ಕೇಳ್ರಿ’ ಅಂದರೆ ಹುಬ್ಬಳ್ಳಿಯಲ್ಲಿ ಯಾವುದೋ ರಿಪೇರಿ ಅಂಗಡಿಯಲ್ಲಿ ಜೋಡಿಸಿದ ಲೋಕಲ್ ಮಾಲು ಅಂದುಕೊಳ್ಳುತ್ತಾರೆ. ಬೆಂಗಳೂರು, ಮೈಸೂರು ಕಡೆಯವರಿಗೆ ಎರಡೂ ಜವಾರಿ ಹೊಸದೇ ಇರಬಹುದು, ಅವರಿಗೆ ನಾಟಿ ಕೋಳಿ. ನನಗೆ ಇದು ದೊಡ್ಡ ಅಡ್ಡಿ ಅನ್ನಿಸುವುದಿಲ್ಲ. ಒಂದೇ ಪದ ಎರಡು ಸಂಸಾರ ನಡೆಸುವುದು ಕನ್ನಡಕ್ಕೆ ಹೊಸದಲ್ಲ. ಆದರೂ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಅಂತ ತಿಳಿಯಬೇಕು.

ಉಳಿದವು ಬೇಗ ಹೇಳಿಬಿಡುತ್ತೇನೆ. ಕ್ಲೀನ್‌ಗೆ ‘ತಿಳಿ’ ಸಾಕು. ಕ್ರಂಚ್‌ಗೆ ‘ಕುರುಕಲು’ ಅಂದರೆ ಬಾಯಲ್ಲಿ ಚುರುಮುರಿ ಇಟ್ಟ ಹಾಗೆ. ನನ್ನ ಓಟು ‘ಖಡಕ್’ಗೆ, ಯಾಕೆಂದರೆ ಮೆತ್ತನೆ ಬಿಸಿ ರೊಟ್ಟಿಗೂ ಖಡಕ್ ರೊಟ್ಟಿಗೂ ಇರುವ ವ್ಯತ್ಯಾಸ ಹಲ್ಲಿಗೆ ಗೊತ್ತು, ಹಿಟ್ಟು ಒಂದೇ. ಬ್ರೌನ್ ಮಾತ್ರ ಮೊಂಡು ಹಿಡಿದಿದೆ. ಅದು ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹ್ಯಾಲೆನ್‌ನ ದನಿಗೆ ಅಂಟಿಕೊಂಡ ಹೆಸರು. ‘ಕಂದು’ ಅಂದರೆ ನಮ್ಮಲ್ಲಿ ಮುಖ ಬಾಡುವುದೂ ಆಗುತ್ತದೆ, ಆ ಡಬ್ಬಿಯಲ್ಲಿ ಬಾಡಿದ್ದು ಏನೂ ಇಲ್ಲ, ಅಲ್ಲಿ ಬೆಂಕಿ ಇದೆ.

ಬೆಂಕಿ ಅಂದಾಗ ಗೇನ್ ನೆನಪಾಯಿತು. ಅನುವಾದದ ಯಂತ್ರಕ್ಕೆ ಕೊಟ್ಟರೆ ‘ಲಾಭ’ ಅಂತು. ಲಾಭ ಕಡಿಮೆ ಮಾಡು ಅಂತ ಗೋಡೆ ಮೇಲೆ ಬರೆದರೆ ಬಂದವರು ನಮ್ಮನ್ನು ಸನ್ಯಾಸಿಗಳು ಅಂದುಕೊಳ್ಳುತ್ತಾರೆ. ಗೇನ್, ವಾಲ್ಯೂಮ್ ಎರಡೂ ‘ಜೋರು’ ಅಲ್ಲ. ಆಂಪ್‌ನ ಮೊದಲ ಹಂತಕ್ಕೆ ಎಷ್ಟು ಒತ್ತಿ ನೂಕುತ್ತೀರಿ ಅನ್ನೋದು ಗೇನ್, ಕೊನೆಗೆ ಸ್ಪೀಕರ್‌ಗೆ ಎಷ್ಟು ಬಿಡುತ್ತೀರಿ ಅನ್ನೋದು ವಾಲ್ಯೂಮ್. ಒಗ್ಗರಣೆ ಎಷ್ಟು ಕಾಯಿಸಿದಿರಿ ಅನ್ನೋದು ಬೇರೆ, ತಟ್ಟೆಗೆ ಎಷ್ಟು ಬಡಿಸಿದಿರಿ ಅನ್ನೋದು ಬೇರೆ. ಹಾಗಾಗಿ ಗೇನ್‌ಗೆ ‘ಕಾವು’ ಅಂತ ಬರೆದಿದ್ದೇನೆ. ಹೋಳಿ ಹಬ್ಬಕ್ಕೆ ಹಲಗಿ ಬಾರಿಸುವವರು ಉರಿಗೆ ಹಿಡಿದು ಕಾಯಿಸುತ್ತಾರಲ್ಲ, ಚರ್ಮ ಬಿಗಿಯಾಗಿ ದನಿಯ ಗುಣವೇ ಬದಲಾಗುತ್ತದೆ, ಕಾವು ಅಂದರೆ ನನ್ನ ಕಣ್ಣಿಗೆ ಬರುವುದು ಅದು.

ವಾಲ್ಯೂಮ್ ವಿಷಯದಲ್ಲಿ ಒಂದು ಮೋಜು. ನಾವು ‘ಸಣ್ಣ ಮಾಡು’ ಅನ್ನುತ್ತೇವೆ. ಸಣ್ಣ ದನಿ ಅಂದರೆ ಮೆಲ್ಲನೆ ದನಿ, ಜೊತೆಗೆ ತೆಳ್ಳನೆ ದನಿ. ಇದು ಗೊಂದಲ ಅಂತ ಕಾಟು ಹಾಕಿದ್ದೆ. ಆಮೇಲೆ ನೋಡಿದರೆ ಪದವೇ ಸರಿ! ದನಿ ಮೆಲ್ಲಗಾದರೆ ನಮ್ಮ ಕಿವಿಗೆ ಬೇಸ್ ಮೊದಲು ಸೋರಿಹೋಗುತ್ತದೆ, ಟ್ರೆಬಲ್ ಕೂಡ ಸ್ವಲ್ಪ. ಫ್ಲೆಚರ್, ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ನಮ್ಮ ಹುಡುಗ ರಾತ್ರಿ ಸಣ್ಣ ದನಿಯಲ್ಲಿ ಬೇಸ್ ಏರಿಸಿ ಹದ ಮಾಡಿಕೊಂಡ, ಬಹಳ ತುಂಬಿದ ದನಿ ಅಂತ ಖುಷಿ ಪಟ್ಟ. ಭಾನುವಾರ ಗೆಳೆಯನ ಮನೆ ಹಾಲ್‌ನಲ್ಲಿ ಗುಂಡಿಗಳನ್ನು ಹಾಗೇ ಇಟ್ಟು ವಾಲ್ಯೂಮ್ ಏರಿಸಿದರೆ ಎಲ್ಲಾ ಗುಂಯ್ ಅಂತ ಕೊಡದೊಳಗೆ ಮಾತಾಡಿದ ಹಾಗಾಯಿತು. ಸಣ್ಣ ಮಾಡಿದ್ದು ಸಣ್ಣ ಆಗಿತ್ತು, ಅವನು ಅದಕ್ಕೆ ಬೇಸ್‌ನ ಸುಳ್ಳು ಹೊಟ್ಟೆ ಕಟ್ಟಿದ್ದ, ಅಷ್ಟೇ. ಚೀಟಿಯಲ್ಲಿ ಈಗ ರಾತ್ರಿಗೊಂದು, ಹಗಲಿಗೊಂದು ಸಾಲು ಬರೆದಿದ್ದೇನೆ.

ಕೇಳಬೇಕಾದ್ದು ಇಷ್ಟು. ತಂಬೂರಿ, ಸಿತಾರ್ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ, ಪೂರ್ತಿ ಖುಲ್ಲಾ ಅಲ್ಲದ, ಪೂರ್ತಿ ಬಂದ್ ಕೂಡ ಅಲ್ಲದ ನಡುವಿನ ದನಿಗೆ ನಿಮ್ಮ ಕಡೆ ಕನ್ನಡದಲ್ಲಿ ಏನಂತೀರಿ? ಗದಗಿನ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತವರಿಗೂ ಇದೇ ಪ್ರಶ್ನೆ. ಮೈಕ್ ಸೆಟ್‌ನವರು ‘ಸೌಂಡ್ ಒಡೀತೈತಿ’ ಅಂತ ಬೈಗುಳದ ಹಾಗೆ ಹೇಳುವುದನ್ನು ಕೇಳಿದ್ದೇನೆ, ಬೇಕಂತಲೇ ಒಡೆದ ದನಿಗೆ ಹೊಗಳುವ ಪದ ಯಾರ ಬಾಯಲ್ಲಾದರೂ ಇದೆಯಾ? ಮತ್ತೆ ಬ್ರೌನ್‌ಗೆ ಏನಾದರೂ ಹೊಳೆದರೆ ದಯವಿಟ್ಟು ಬೇಗ ಹೇಳಿ, ಆ ಜಾಗ ಖಾಲಿ ಬಿಟ್ಟಿದ್ದಕ್ಕೆ ಹುಡುಗ ಪೆನ್ಸಿಲ್‌ನಲ್ಲಿ ‘ಅಜ್ಜನ ಸಿಟ್ಟು’ ಅಂತ ತುಂಬಿಸಿದ್ದಾನೆ.