ತುಪ್ಪ ಎಲ್ಲಿ ಹೋಯಿತು?

ಉಣಕಲ್ ಕೆರೆಯ ದಂಡೆಯಲ್ಲಿ ನಮ್ಮದೊಂದು ಖಾಯಂ ಬೆಂಚು ಇದೆ. ವಾಕಿಂಗ್ ಅಂತ ಹೇಳಿ ಮನೆ ಬಿಡುತ್ತೇವೆ, ಬೆಂಚಿನವರೆಗೆ ನಡೆಯುತ್ತೇವೆ. ಅಲ್ಲಿಂದ ಮುಂದೆ ನಡೆಯುವುದು ಬಾಯಿ ಮಾತ್ರ.

ಆವತ್ತು ಮಾಸ್ತರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಮುಖದಲ್ಲಿ ಏನು ಕಳೆ! "ನಿನ್ನೆ ರಾತ್ರಿ ಎಂಥಾ ನಿದ್ದೆ ರೀ! ದಿಂಬಿಗೆ ತಲೆ ಇಟ್ಟಿದ್ದೊಂದೇ ಗೊತ್ತು. ಊಟ ಶುದ್ಧ ಇದ್ದರೆ ನಿದ್ದೆಯೂ ಶುದ್ಧ."

"ನನಗೆ ನಿದ್ದೇನೇ ಬರಲಿಲ್ಲ," ಅಂದ ಗೌಡ. "ಹಸಿವು."

ಹಿಂದಿನ ರಾತ್ರಿಯ ವಿಷಯ ಇಷ್ಟೇ. ನಮ್ಮ ದನದ ಡಾಕ್ಟ್ರ ಮಗ ಬೆಂಗಳೂರಿನಲ್ಲಿದ್ದಾನೆ. ಹುಬ್ಬಳ್ಳಿಯ ಒಂದು ಹೊಸ ಹೋಟೆಲಿನಲ್ಲಿ 'ಹೊಲದಿಂದ ಟೇಬಲ್ಲಿಗೆ' ಅನ್ನುವ ಸ್ಪೆಷಲ್ ಊಟ, ಜೊತೆಗೆ ಕ್ರಾಫ್ಟ್ ಕಾಕ್‌ಟೇಲ್ ಅಂತ ಐದು ಸೀಟು ಬುಕ್ ಮಾಡಿದ್ದ. ಕೊನೇ ಗಳಿಗೆಯಲ್ಲಿ ಅವನಿಗೆ ರಜೆ ಸಿಗಲಿಲ್ಲ. ದುಡ್ಡು ವಾಪಸ್ ಬರುವುದಿಲ್ಲ ಅಂದರು. ಹಾಗಾಗಿ ಡಾಕ್ಟ್ರು, ಮಾಸ್ತರು, ಗೌಡ, ಗೌಡನ ಹೆಂಡತಿ ನಮ್ಮ ವೈನಿ, ಮತ್ತು ನಾನು.

"ಹೊಲದಿಂದ ಅಲ್ಲದೆ ಇನ್ನೆಲ್ಲಿಂದ ಬರುತ್ತದೆ ಲೇ?" ಗೌಡ ಅಲ್ಲಿಂದಲೇ ಶುರು ಮಾಡಿದ. ಅವನ ಹೊಲ ಕುಂದಗೋಳದ ಹತ್ತಿರ, ಕರಿ ಮಣ್ಣು. "ಬದನೆಕಾಯಿ ಏನು ಫ್ಯಾಕ್ಟರಿಯಿಂದ ಬರುತ್ತಾ?"

ನಾನು ಸುಮ್ನೆ ಇರಬೇಕಿತ್ತು. ಆದರೆ ಬರುವ ಮೊದಲು ಮೊಬೈಲಿನಲ್ಲಿ ಓದಿಕೊಂಡಿದ್ದೆ. 1971ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅಲಿಸ್ ವಾಟರ್ಸ್ ಅನ್ನುವ ಹೆಣ್ಣುಮಗಳು ಶೇ ಪನೀಸ್ ಅಂತ ಹೋಟೆಲ್ ತೆಗೆದಳು, ಸುತ್ತಮುತ್ತಲಿನ ರೈತರು ಆಯಾ ಕಾಲಕ್ಕೆ ಬೆಳೆದದ್ದನ್ನು ತಂದು ಅಡುಗೆ ಮಾಡಿಸಿದಳು, ಅಲ್ಲಿ ಅಂಗಡಿಯ ಸೀಲ್ ಡಬ್ಬಿಯ ಊಟ ಜಾಸ್ತಿಯಾಗಿದ್ದರಿಂದ ಅದೇ ದೊಡ್ಡ ಸುದ್ದಿಯಾಯಿತು ಅಂತ ಒಂದೇ ಉಸಿರಿಗೆ ಹೇಳಿದೆ.

"ಪಾಪ," ಅಂದರು ವೈನಿ, "ಅವರಿಗೆ ಸಂತೆ ಇರಲಿಲ್ಲ ಅಂತ ಕಾಣುತ್ತೆ."

ಗೌಡ ಬಿಡಲಿಲ್ಲ. "ನಾವು ಉಲ್ಟಾ ಮಾಡುತ್ತೇವೆ ನೋಡು. ಎಳ್ಳ ಅಮಾವಾಸ್ಯೆ ದಿನ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಕಡಬು ಎಲ್ಲ ಬುಟ್ಟಿಗೆ ತುಂಬಿ ಹೊಲಕ್ಕೇ ಒಯ್ಯುತ್ತೇವೆ. ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ನಾವು ಉಣ್ಣುವುದು. ಟೇಬಲ್ಲಿನಿಂದ ಹೊಲಕ್ಕೆ. ಅದಕ್ಕೆ ಯಾರೂ ಬುಕಿಂಗ್ ಮಾಡಿಲ್ಲ."

"ಮಾಡಿದರೆ ಬಡಿಸುವವಳು ನಾನೇ," ಅಂದರು ವೈನಿ. "ಆ ಬುಟ್ಟಿ ತುಂಬಲು ಬೆಳಗಿನ ಜಾವ ಮೂರಕ್ಕೆ ಏಳುವವಳೂ ನಾನೇ. ನಿನ್ನೆ ನಾನು ಕೂತಲ್ಲಿಗೇ ತಟ್ಟೆ ಬಂತು. ನನಗಂತೂ ಆ ಹೋಟೆಲ್ ಬಹಳ ಛಲೋ ಅನಿಸಿತು."

ಗೌಡ ಕೆರೆ ಕಡೆ ನೋಡಿದ.

ಮೆನು ಕಾರ್ಡಿನ ವಿಷಯಕ್ಕೆ ಬರೋಣ. ಅದರಲ್ಲಿ ಅಡುಗೆಯ ಹೆಸರೇ ಇರಲಿಲ್ಲ. 'ಬದನೆ, ಗುರೆಳ್ಳು, ಹೊಗೆ' ಅಂತ ಒಂದು ಸಾಲು. ಗೌಡ ಬಡಿಸುವ ಹುಡುಗನನ್ನು ಕರೆದು, "ತಮ್ಮಾ, ಹೊಗೆಗೂ ಬಿಲ್ಲಿದೆಯಾ?" ಅಂತ ಕೇಳಿದ್ದ. ಹುಡುಗ ನಗಲಿಲ್ಲ. ಬಹಳ ಒಳ್ಳೆಯ ಟ್ರೇನಿಂಗ್ ಆಗಿತ್ತು. ತಟ್ಟೆ ತಂದಾಗ ಬದನೆಯ ತೊಟ್ಟನ್ನೂ ಕರಿದು ಇಟ್ಟಿದ್ದರು. "ನಮ್ಮ ಅಡುಗೆಮನೆಯಲ್ಲಿ ಏನನ್ನೂ ಎಸೆಯುವುದಿಲ್ಲ ಸರ್," ಅಂದ.

"ನಮ್ಮ ಎಮ್ಮೆಯೂ ಹಾಗೇ," ಅಂದಿದ್ದರು ವೈನಿ.

ಆಮೇಲೆ ಮೂರು ಎಲೆ ಬಂತು. ನಿಜವಾಗಿ ಮೂರೇ. ಅಂಚಿಗೆ ಹಲ್ಲು ಹಲ್ಲು, ಮೇಲೆ ಎರಡು ಹನಿ ಎಣ್ಣೆ. "ಇದು ಬಿತ್ತದೇ ಬೆಳೆದ ಸೊಪ್ಪು, ಕೈಯಿಂದ ಆರಿಸಿ ತಂದಿದ್ದು" ಅಂತ ಹುಡುಗ ಮೆಲ್ಲಗೆ ಹೇಳಿದ, ಗುಡಿಯಲ್ಲಿ ಮಾತಾಡಿದ ಹಾಗೆ. ಗೌಡ ಬಾಯಿಗೆ ಹಾಕಿಕೊಂಡು ಅಗಿದು, "ಹಕ್ಕರಕಿ!" ಅಂತ ಕೂಗಿದ್ದು ಪಕ್ಕದ ಟೇಬಲ್ಲಿಗೂ ಕೇಳಿಸಿತು.

"ನಾನು ಇದನ್ನು ಕೀಳುವವರಿಗೆ ಕೂಲಿ ಕೊಡುತ್ತೇನೆ ಡಾಕ್ಟ್ರೇ," ಅಂದ ಈಗ ಮತ್ತೆ. "ಅಲ್ಲಿ ಕಳೆಗೇ ಕೂಲಿ."

"ಕಿತ್ತದ್ದನ್ನು ಎಸೆಯುತ್ತೀಯಾ?"

"ಎಲ್ಲಿ ಎಸೆಯುತ್ತೇನೆ, ರೊಟ್ಟಿ ಜೊತೆ ತಿನ್ನುತ್ತೇನೆ. ಆದರೆ ಎಲೆ ಎಣಿಸಿ ತಿಂದವನಲ್ಲ."

ಕಾಕ್‌ಟೇಲ್ ಬಗ್ಗೆ ಮಾತಾಡುವ ಹಕ್ಕು ಡಾಕ್ಟ್ರದು. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆ, ಕಾಕ್‌ಟೇಲ್ ಅಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಅಂತ ಬರೆದಿತ್ತಂತೆ. ಬಿಟರ್ಸ್ ಅಂದರೆ ಬೇರು, ತೊಗಟೆ ನೆನೆಹಾಕಿದ ಕಹಿ ರಸ. "ಹಾಗಾದರೆ ಕಷಾಯ ಅನ್ನಿ," ಅಂದರು ಮಾಸ್ತರು. ಅವರು ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಅದನ್ನು ನಿನ್ನೆ ಮೂರು ಸಲ ಹೇಳಿದ್ದರು, ಇವತ್ತು ಇದು ಎರಡನೇ ಸಲ.

ನಾನು ಕುಡಿದದ್ದು ಪೇರಲದ್ದು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಗ್ಲಾಸಿನ ಅಂಚಿಗೆ ಉಪ್ಪು, ಬ್ಯಾಡಗಿ ಖಾರ ಹಚ್ಚಿದ್ದರು. ಮೊದಲ ಗುಟುಕಿಗೇ ಧಾರವಾಡದಲ್ಲಿ ಸಾಲಿ ಗೇಟಿನ ಮುಂದೆ ಅಜ್ಜಿ ಕೊಯ್ದು ಕೊಡುತ್ತಿದ್ದ ಪೇರಲಹಣ್ಣು ನೆನಪಾಯಿತು. ಅಜ್ಜಿ ಜಿನ್ ಹಾಕುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಗೌಡ ಅಂಚು ನೆಕ್ಕಿ, ಖಾರವೇ ಇಲ್ಲ ಅಂದ. ಮಾಸ್ತರು ಪಾಠ ಮಾಡಿದರು: ಬ್ಯಾಡಗಿ ಇರುವುದು ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. ಇದನ್ನು ಕೇಳಿದ ಮೇಲೆ ವೈನಿ ಗಂಡನ ತುಟಿ ನೋಡಿ ಬಹಳ ಹೊತ್ತು ನಕ್ಕರು.

ಒಂದು ಕಡೆ ಮಾತ್ರ ಹೋಟೆಲಿನವರು ಸಿಕ್ಕಿಬಿದ್ದರು. ಕಾರ್ಡಿನಲ್ಲಿ 'ಹಾವೇರಿ ತೋಟದ ಏಲಕ್ಕಿ' ಅಂತಿತ್ತು. ಮಾಸ್ತರು ಹಾವೇರಿಯವರು. "ಹಾವೇರಿಯಲ್ಲಿ ಏಲಕ್ಕಿ ತೋಟ ತೋರಿಸಿದರೆ ನನ್ನ ಪೆನ್ಶನ್ ಬರೆದುಕೊಡುತ್ತೇನೆ! ಏಲಕ್ಕಿ ಬರುವುದು ಮಲೆನಾಡಿನಿಂದ. ನಮ್ಮಲ್ಲಿ ಅದನ್ನು ತೊಳೆದು, ಹಸನು ಮಾಡಿ ಮಾರುತ್ತಿದ್ದರು, ಹಾರ ಮಾಡುತ್ತಾರೆ. ಹೊಲದಿಂದ ಅಲ್ಲ, ಅಂಗಡಿಯಿಂದ ಟೇಬಲ್ಲಿಗೆ." ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಟ್ರೇನಿಂಗ್ ಅಂದೆನಲ್ಲ.

ಗೌಡನಿಗೆ ನಿಜಕ್ಕೂ ಬೇಜಾರಾಗಿದ್ದು ಸೀತನಿ ನೋಡಿ. ಕರಿ ಕಲ್ಲಿನ ಮೇಲೆ ಹಸಿ ಜೋಳದ ಸುಟ್ಟ ಕಾಳು, ಪಕ್ಕದಲ್ಲಿ ಬೆಲ್ಲದ ಚೂರು. ಡಾಕ್ಟ್ರು ಎಣಿಸಿದರು, ಹದಿನಾಲ್ಕು. ಅಷ್ಟೂ ತಣ್ಣಗೆ.

"ಕಾಳಿನಲ್ಲಿ ಹಾಲು ತುಂಬಿ ಗಟ್ಟಿಯಾಗುವ ಮೊದಲು ಕೆಲವೇ ದಿನ ಸಿಗುತ್ತೆ ಅದು," ಅಂದ ಗೌಡ. ದನಿ ಸ್ವಲ್ಪ ಇಳಿದಿತ್ತು. "ಕುಳ್ಳಿನ ಕೆಂಡದಲ್ಲಿ ತೆನೆ ಇಟ್ಟು, ತೆಗೆದ ತಕ್ಷಣ ಅಂಗೈಯಲ್ಲಿ ತಿಕ್ಕಬೇಕು. ಕೈ ಸುಡಬೇಕು. ಬಾಯಿಯೂ ಸುಡಬೇಕು. ಅಪ್ಪ ತಿಕ್ಕಿ ಕೊಡುತ್ತಿದ್ದ, ನಾವು ಊದಿ ತಿನ್ನುತ್ತಿದ್ದೆವು. ಆರಿದ ಮೇಲೆ ಅದು ಸೀತನಿ ಅಲ್ಲ, ಬರೀ ಜೋಳ."

ಇದನ್ನೇ ಅಡುಗೆಯ ಮುಖ್ಯಸ್ಥನನ್ನು ಕರೆಸಿ ಹೇಳಿದ್ದ. ಮೂವತ್ತು ದಾಟದ ಹುಡುಗ. ಕೈ ಕಟ್ಟಿಕೊಂಡು ಪೂರ್ತಿ ಕೇಳಿದ. "ನಿಜ ಸರ್. ಆದರೆ ಒಳಗೆ ಕುಳ್ಳು ಹಚ್ಚಿದರೆ ಫೈರ್ ಅಲಾರಂ ಹೊಡೆದುಕೊಳ್ಳುತ್ತೆ. ಒಮ್ಮೆ ಹೊಡೆದುಕೊಂಡಿದೆ."

ಆ ಮಾತಿಗೆ ಗೌಡ ಅವನನ್ನು ಭಾನುವಾರ ಹೊಲಕ್ಕೆ ಕರೆದಿದ್ದಾನೆ. ನಮ್ಮನ್ನು ಕರೆದೇ ಇಲ್ಲ, ನಾವು ಹೋಗುತ್ತೇವೆ ಅನ್ನುವುದು ಬೇರೆ ಮಾತು.

"ಬರುವಾಗ ಆ ತುಪ್ಪದ ವಿಸ್ಕಿ ತರಲು ಹೇಳೋಣವಾ?" ಡಾಕ್ಟ್ರು ಮೆಲ್ಲಗೆ ಕೇಳಿದರು. ಅವರು ಕುಡಿದದ್ದು ಅದು, ಒಂದು ಗ್ಲಾಸಿಗೆ 700 ರೂಪಾಯಿ. "ಕಾಸಿದ ತುಪ್ಪವನ್ನು ವಿಸ್ಕಿಯಲ್ಲಿ ಹಾಕಿ ಕೆಲವು ಗಂಟೆ ಬಿಡುತ್ತಾರೆ. ಆಮೇಲೆ ಫ್ರೀಜರ್. ವಿಸ್ಕಿ ಹೆಪ್ಪುಗಟ್ಟುವುದಿಲ್ಲ, ತುಪ್ಪ ಗಟ್ಟಿಯಾಗಿ ಮೇಲೆ ನಿಲ್ಲುತ್ತೆ. ಅದನ್ನು ತೆಗೆದು ಸೋಸಿದರೆ ವಿಸ್ಕಿಯಲ್ಲಿ ತುಪ್ಪದ ಪರಿಮಳ ಉಳಿಯುತ್ತೆ. ಜಿಡ್ಡು ಇರಲ್ಲ."

"ಪರಿಮಳ ಇವರಿಗೆ ಬಂತು," ಅಂದರು ವೈನಿ. "ತುಪ್ಪ ಎಲ್ಲಿ ಹೋಯಿತು?"

"ತೆಗೆದುಬಿಡುತ್ತಾರೆ."

"ತೆಗೆದು?"

"ತೆಗೆದು..." ಡಾಕ್ಟ್ರು ನಿಂತರು.

"ಏನನ್ನೂ ಎಸೆಯುವುದಿಲ್ಲ ಅಂದನಲ್ಲ ಆ ಹುಡುಗ," ಅಂದರು ವೈನಿ, ಸಾವಕಾಶ. "ಕೊನೆಗೆ ಶೇಂಗಾ ಹೋಳಿಗೆ ಬಂತು. ಮೇಲೆ ತುಪ್ಪ. ಮಾಸ್ತರೇ, 'ಏನು ಘಮ, ಇಂಥ ತುಪ್ಪ ಈಗ ಎಲ್ಲಿ ಸಿಗುತ್ತದೆ' ಅಂತ ಹಾಕಿಸಿಕೊಂಡಿರಲ್ಲ?"

ಕೆರೆಯಲ್ಲಿ ಒಂದು ಬಾತು ಮುಳುಗಿತು. ಅದು ಮೇಲೆ ಬರುವವರೆಗೂ ಯಾರೂ ಮಾತಾಡಲಿಲ್ಲ.

ಮಾಸ್ತರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಡಾಕ್ಟ್ರೇ, ಆ ತುಪ್ಪದಲ್ಲಿ ಅದು ಎಷ್ಟು ಉಳಿದಿರುತ್ತೆ?"

"ಬಹಳ ಕಡಿಮೆ ಮಾಸ್ತರೇ. ಒಂದೆರಡು ಹೋಳಿಗೆಗೆ ಏನೂ ಆಗಲ್ಲ, ಬಿಡಿ."

"ನಾನು ನಾಲ್ಕು ತಿಂದೆ," ಅಂದರು ಮಾಸ್ತರು.